ಮುನ್ನೂರಕ್ಕೆ ಇನ್ನೂರ ತೊಂಬತ್ತೇಳು

ಮೋನಿಕಾಳಿಗೆ ದೇವರಲ್ಲಿ ಬೇಡಿಕೊಳ್ಳುವುದು ಬಹಳವೇನೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಅವಳನ್ನು ಎಬ್ಬಿಸಬಾರದು, ಅಷ್ಟೇ.

ವಾರದ ಆರು ದಿನ ಅವಳು ಹಿರಿಯೂರಿನಿಂದ ಹೊಸದುರ್ಗದ ಮೇಲೆ ಹೊಳಲ್ಕೆರೆಗೆ ಹೋಗುವ ಬಸ್ಸಿನ ಕಂಡಕ್ಟರು. ನಾಲ್ಕೂವರೆಗೆ ಎದ್ದು, ಇಬ್ಬರು ಹೆಣ್ಣುಮಕ್ಕಳ ಡಬ್ಬಿಗೆ ಅನ್ನ ಕಲೆಸಿ, ಬಬ್ಬೂರು ಫಾರಂ ಕೆಲಸಕ್ಕೆ ಹೋಗಬೇಕಾದ ಗಂಡ ದುರುಗೇಶನನ್ನು ಮೂರು ಸಲ ಎಬ್ಬಿಸಿ, ಅತ್ತೆ ಉಚ್ಚಂಗಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದಿಟ್ಟು, ಏಳು ಹತ್ತಕ್ಕೆ ಬಸ್ಸಿನ ಬಾಗಿಲಲ್ಲಿ ನಿಂತು "ರೈಟ್" ಅಂದಳೆಂದರೆ ಮತ್ತೆ ನೆಟ್ಟಗೆ ಕೂರುವುದು ಸಂಜೆಗೇ. ಏಳನೆಯ ದಿನ ದೇವರೂ ವಿಶ್ರಾಂತಿ ತೆಗೆದುಕೊಂಡ ಎನ್ನುವುದು ಇಡೀ ಧರ್ಮದಲ್ಲಿ ಅವಳಿಗೆ ತುಂಬ ಹಿಡಿಸಿದ ಮಾತು. ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ಕೋಳಿಸಾರು, ಆಮೇಲೆ ಫ್ಯಾನಿನ ಕೆಳಗೊಂದು ಚಾಪೆ. ಆ ಎರಡು ತಾಸಿಗಾಗಿ ಡಿಪೋದಲ್ಲಿ ಮೂರು ವರ್ಷ ಅರ್ಜಿ ಬರೆದೂ ಬರೆದೂ ಭಾನುವಾರದ ರಜೆ ದಕ್ಕಿಸಿಕೊಂಡಿದ್ದಳು.

ಅದಕ್ಕೆ ಕಲ್ಲು ಬಿದ್ದದ್ದು ಪಾಸ್ಟರ್ ಕನಕರಾಜ್ ಅಯ್ಯನವರು ಚಿತ್ರದುರ್ಗದಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದ ಭಾನುವಾರ. ಅಯ್ಯನವರು ಒಳ್ಳೆಯವರು. ಆದರೆ ಅವರು ಯಾವ ತರಬೇತಿಗೆ ಹೋದರೂ ಅನುಭವಿಸಬೇಕಾದದ್ದು ಚರ್ಚಿನ ಮೂವತ್ತು ಮನೆಗಳ ಸಭೆ. ಹಿಂದಿನ ವರ್ಷ ಇಂಥದ್ದೇ ಒಂದರಿಂದ ಬಂದು ಮೂವತ್ತು ಮನೆಯವರಿಗೂ ಒಂದು ತಿಂಗಳು ಸಕ್ಕರೆ ಬಿಡಿಸಿದ್ದರು. ಈ ಸಲ ಕಂಕುಳಲ್ಲಿ ಒಂದು ಕಟ್ಟು ಕಾಗದವಿತ್ತು.

"ಪವಿತ್ರಾತ್ಮನು ವರ ಕೊಡದೇ ಇರೋ ವಿಶ್ವಾಸಿ ಒಬ್ಬನೂ ಇಲ್ಲ," ಎಂದರು ಅಯ್ಯನವರು. "ಆದ್ರೆ ನಾವೇನ್ ಮಾಡಿದೀವಿ? ಮದುವೇಲಿ ಬಂದ ಸ್ಟೀಲ್ ಡಬ್ಬಿ ಥರ ಬಣ್ಣದ ಕಾಗದಾನೂ ಬಿಚ್ಚದೆ ಅಟ್ಟದ ಮೇಲೆ ಇಟ್ಟುಬಿಟ್ಟಿದೀವಿ. ಈಗ ಇಳಿಸೋ ಕಾಲ ಬಂದೈತೆ."

ಇಳಿಸುವ ಏಣಿ ಆ ಕಾಗದ. ಅದರಲ್ಲಿ ಅರವತ್ತು ವಾಕ್ಯ. ಪ್ರತಿ ವಾಕ್ಯದ ಮುಂದೆ, ಅದು ತನಗೆ ಎಷ್ಟು ನಿಜ ಎಂದು ನೋಡಿಕೊಂಡು, ಸೊನ್ನೆಯಿಂದ ಐದರವರೆಗೆ ಅಂಕ ಹಾಕಿಕೊಳ್ಳಬೇಕು. ಕೂಡಿಸಿದರೆ ಯಾರಿಗೆ ಯಾವ ವರವಿದೆಯೆಂದು ತಾನೇ ತಿಳಿಯುತ್ತದೆ. ತಿಳಿದ ಮೇಲೆ ಏನು ಎಂಬುದನ್ನು ಗೋಡೆಗೆ ಅಂಟಿಸಿದ ಪಟ್ಟಿ ಹೇಳುತ್ತಿತ್ತು. ಎಡಗಡೆ ವರ, ಬಲಗಡೆ ಕೆಲಸ.

ಮೋನಿಕಾ ಎಡಗಡೆ ನೋಡಲೇ ಇಲ್ಲ. ಡಿಪೋದ ಡ್ಯೂಟಿ ಪಟ್ಟಿ ನೋಡುವ ಕಣ್ಣಿನಿಂದ ಬಲಗಡೆ ನೋಡಿದಳು. ಬೋಧಿಸುವ ವರಕ್ಕೆ ಭಾನುವಾರ ಎರಡು ಗಂಟೆಗೆ ಮಕ್ಕಳ ಸಂಡೆಸ್ಕೂಲು. ವಾಸಿಮಾಡುವ ವರಕ್ಕೆ ಮೂರು ಗಂಟೆಗೆ ರೋಗಿಗಳ ಮನೆ ಭೇಟಿ. ಅತಿಥಿಸತ್ಕಾರಕ್ಕೆ ತಿಂಗಳಿಗೆರಡು ಸಲ ಎಂಬತ್ತು ಜನರ ಅಡುಗೆ. ಎಲ್ಲವೂ ಅವಳ ಚಾಪೆಯ ಮೇಲೇ ಬಂದು ಕೂರುವ ಕೆಲಸಗಳು. ಕಟ್ಟಕಡೆಗೆ ಒಂದು ಕಂಡಿತು. ಪ್ರೋತ್ಸಾಹಿಸುವ ವರ: ಕಷ್ಟದಲ್ಲಿರುವವರಿಗೆ ವಾರಕ್ಕೊಂದು ಸಲ ಫೋನ್ ಮಾಡುವುದು. ಅದನ್ನು ದಾರಿಯ ಮಾಡದಕೆರೆ ಊರಿನಲ್ಲಿ ಬಸ್ಸು ಟೀಗೆ ನಿಂತಾಗ ಮುಗಿಸಬಹುದು.

"ನಂಗೆ ಇದೇ ವರ," ಎಂದು ಅಲ್ಲೇ ತೀರ್ಮಾನಿಸಿದಳು. ಪ್ರೋತ್ಸಾಹದ ವಾಕ್ಯಗಳಿಗೆ ಐದು, ಮಿಕ್ಕಿದ್ದಕ್ಕೆಲ್ಲ ಸೊನ್ನೆ.

ಆದರೆ ಬರೆಯಲು ಪುರುಸೊತ್ತೆಲ್ಲಿ? ಮಂಗಳವಾರ ಬಸ್ಸು ಹಿರಿಯೂರು ದಾಟಿ, ಟಿಕೆಟ್ ಕೊಡುವುದು ಮುಗಿದ ಮೇಲೆ, ದೊಡ್ಡ ಮಗಳು ಶಾರೋನಳ ಪೆನ್ಸಿಲು ಹಿಡಿದು ಮೂರನೇ ಸೀಟಿನ ತುದಿಯಲ್ಲಿ ಕೂತಳು. ಕಿಟಕಿ ಪಕ್ಕದಲ್ಲಿ ಅಬ್ದುಲ್ ರಶೀದ್ ಇದ್ದರು. ಹೊಸದುರ್ಗದಲ್ಲಿ ಹತ್ತಿ ಹಾಸಿಗೆ ಹೊಲಿಯುವ ಅಂಗಡಿ ಅವರದು. ಹದಿನೈದು ವರ್ಷದಿಂದ ಅದೇ ಬಸ್ಸು, ಅದೇ ಕಿಟಕಿ.

"ಏನು ಬೇಟಿ, ಇಲಾಖೆ ಕಾಗದಾನಾ?"

"ಅಲ್ಲ ಚಾಚಾ, ಚರ್ಚಿಂದು. ನಂಗೆ ದೇವ್ರು ಯಾವ ವರ ಕೊಟ್ಟವ್ನೆ ಅಂತ ಕಂಡ್ಕಳಾದು."

"ಕಂಡ್ಕಂಡ್ರೆ?"

"ಅದಕ್ಕೆ ತಕ್ಕಂಗೆ ಕೆಲಸ ಕೊಡ್ತಾರೆ."

"ಹಂಗಾದ್ರೆ ಕಂಡ್ಕಳಾಕೆ ಹೋಗ್ಬ್ಯಾಡ ತಾಯಿ," ಎಂದ ಡ್ರೈವರ್ ಬಾಲರಾಜು, ಹಿಂದೆ ತಿರುಗದೆ. "ನಾನು ಡೀಸೆಲ್ ಉಳಿಸ್ತೀನಿ ಅಂತ ಕಂಡ್ಕಂಡ್ರು ನೋಡು, ಅವತ್ತಿಂದ ಡಕೋಟ ಬಸ್ಸೆಲ್ಲ ನಂಗೇ."

ಮೋನಿಕಾ ಮೊದಲನೇ ವಾಕ್ಯ ಓದಿದಳು. "'ಜನರ ಗುಂಪನ್ನು ನಡೆಸುವುದು ನನಗೆ ಸುಲಭ.' ಸೊನ್ನೆ."

"ಸೊನ್ನೆ?" ರಶೀದ್ ಕನ್ನಡಕ ಏರಿಸಿಕೊಂಡರು. "ಮೊನ್ನೆ ಹುಣ್ಣಿಮೆ ದಿನ ಐವತ್ತು ಸೀಟಿನ ಬಸ್ಸಲ್ಲಿ ತೊಂಬತ್ತು ಜನರನ್ನ ಒಂದು ಜಗಳ ಇಲ್ದಂಗೆ ಹೊಸದುರ್ಗ ಮುಟ್ಟಿಸಿದ್ದು ಯಾರು, ನಾನಾ?"

"ಅದು ಡ್ಯೂಟಿ ಚಾಚಾ, ವರ ಅಲ್ಲ."

"'ನನ್ನಿಂದ ಇತರರಿಗೆ ಉಪಕಾರವಾಗುತ್ತದೆ.' ಇದಕ್ಕೂ ಸೊನ್ನೆನಾ? ಅರೆ! ದೇವರ ಮುಂದೆ ಸುಳ್ಳು ಬರೀತೀಯಲ್ಲ ಬೇಟಿ!"

ಹತ್ತು ವಾಕ್ಯ ಮುಗಿಯುವಷ್ಟರಲ್ಲಿ ಮಾಡದಕೆರೆ ಬಂತು. ಹತ್ತುವ ಜನ ಬಾಗಿಲಿಗೆ ಮುತ್ತಿಕೊಂಡರು. ಮೋನಿಕಾ ಕಾಗದ, ಪೆನ್ಸಿಲು ಎರಡನ್ನೂ ರಶೀದರ ಕೈಗೆ ತುರುಕಿ ಎದ್ದಳು. ಎಲ್ಲರಿಗಿಂತ ಮುಂದೆ ನುಗ್ಗಿ ಬಂದವಳು ದೊಡ್ಡಕ್ಕ, ಕುರಿ ಕಾಯುವ ಮನೆಯ ಹೆಂಗಸು. ಕುರಿಗಳಿಗೆ ಗುರುತಿನ ಬಣ್ಣ ಹಚ್ಚಿ ನೇರ ಬಂದಿದ್ದರಿಂದ ಎರಡೂ ಕೈ ಕೆಂಪಗಿದ್ದವು. ಕಂಕುಳಲ್ಲಿ ಜ್ವರ ಬಂದ ಒಂದು ಮರಿ, ಹೊಸದುರ್ಗದ ದನದ ಆಸ್ಪತ್ರೆಗೆ.

"ಮರಿಗೆ ಟಿಕೆಟ್, ದೊಡ್ಡಕ್ಕ."

"ನಂಗೆ ಫ್ರೀ, ಮರಿಗೆ ದುಡ್ಡಾ? ಇದೂ ಹೆಣ್ಣೇ ಕಣೇ, ಬೇಕಾದ್ರೆ ಎತ್ತಿ ನೋಡು!"

"ಆಧಾರ್ ಕಾರ್ಡ್ ಐತಾ ಅದುಕ್ಕೆ?"

ಬಸ್ಸೆಲ್ಲ ನಕ್ಕಿತು. ದೊಡ್ಡಕ್ಕ ಮಾತ್ರ ನಗಲಿಲ್ಲ. "ಜ್ವರ ಬಂದ ಕೂಸಿಗೆ ಟಿಕೆಟ್ ಹರೀತಾಳೆ, ಕರುಣೆ ಇಲ್ದೋಳು," ಎಂದು ಗೊಣಗುತ್ತ ಹೋಗಿ ರಶೀದರ ಪಕ್ಕ ಕೂತಳು. ಮೋನಿಕಾ ಜನರ ನಡುವೆ ಹಿಂದಕ್ಕೆ ಹೋದಳು. ಹೊಸದುರ್ಗದಲ್ಲಿ ಇಳಿಯುವಾಗ ರಶೀದ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವಳ ಚೀಲಕ್ಕೆ ಹಾಕಿ, "ಜೋಪಾನ," ಎಂದರು. ದೊಡ್ಡಕ್ಕ ತಲೆ ಕೊಡವಿಕೊಂಡು ಇಳಿದಳು.

ಮತ್ತೆ ಆ ಕಾಗದ ನೆನಪಾದದ್ದು ಶನಿವಾರ, ಅಯ್ಯನವರು ಫೋನ್ ಮಾಡಿದಾಗ. ಹತ್ತು ವಾಕ್ಯ ಬರೆದಿದ್ದೇನೆ, ಮಿಕ್ಕಿದ್ದು ಖಾಲಿ ಇದ್ದರೆ ಸೊನ್ನೆಯ ಲೆಕ್ಕವೇ ಆಯಿತಲ್ಲ, ಇನ್ನೂ ಒಳ್ಳೆಯದು ಎಂದುಕೊಂಡು ಮಡಿಕೆ ಸಹ ಬಿಚ್ಚದೆ ಶಾರೋನಳ ಕೈಲಿ ಕಳಿಸಿದಳು.

ಮರುದಿನ ಫಲಿತಾಂಶ. ಆ ಶೀಟಿನ ಮಾಡಿನ ಪ್ರಾರ್ಥನಾಲಯದಲ್ಲಿ ಎಸ್ಸೆಲ್ಸಿ ರಿಸಲ್ಟಿನ ದಿನದ ಹಾಗೆ ಜನ ಬೆವರುತ್ತ ಕೂತಿದ್ದರು. ದುರುಗೇಶನಿಗೆ ಸಹಾಯಮಾಡುವ ವರ ಬಂತು, ಅಂದರೆ ಕುರ್ಚಿ ಎತ್ತುವುದು. ಅವನು ಮೊದಲಿಂದಲೂ ಎತ್ತುತ್ತಿದ್ದ. ಆಮೇಲೆ ಅಯ್ಯನವರು ಉಚ್ಚಂಗಮ್ಮನ ಕಾಗದ ತೆಗೆದು ಗಂಟಲು ಸರಿಮಾಡಿಕೊಂಡರು.

ಉಚ್ಚಂಗಮ್ಮ ಆ ಸಭೆಯ ಮೊದಲ ವಿಶ್ವಾಸಿ. ನಲವತ್ತು ವರ್ಷದ ಹಿಂದೆ ತನ್ನ ಕುರಿಹಟ್ಟಿಯಿಂದ ಒಬ್ಬಳೇ ನಡೆದು ಬಂದು ನಂಬಿದವಳು. ಹೆಸರು ಬದಲಾಯಿಸಿಕೊಳ್ಳಿ ಎಂದು ಮೂವರು ಪಾಸ್ಟರುಗಳು ಹೇಳಿ ಸೋತಿದ್ದರು. "ಅವನು ನನ್ನ ಕರೆದಾಗ ಇದೇ ಹೆಸರಿಟ್ಟೇ ಕರೆದಿದ್ದು. ಈಗ ಬದಲಾಯಿಸ್ಕಂಡ್ರೆ ಆಮ್ಯಾಲೆ ಅಲ್ಲಿ ಹೋದಾಗ ಗುರುತು ಸಿಗ್ಬ್ಯಾಡ್ವಾ?" ಎಂಬುದು ಅವಳ ವಾದ. ಅವಳು ಪ್ರಾರ್ಥನೆಗೆ ನಿಂತರೆ ನಲವತ್ತು ನಿಮಿಷ. ಶಾರೋನ್ ಓದಿ ಹೇಳಿದ ಅರವತ್ತು ವಾಕ್ಯಕ್ಕೂ ಅವಳು ಇದ್ದದ್ದು ಇದ್ದ ಹಾಗೆ ಅಂಕ ಹಾಕಿಸಿದ್ದಳು.

"ಉಚ್ಚಂಗಮ್ಮನವರದು ನೂರ ಹನ್ನೆರಡು," ಎಂದರು ಅಯ್ಯನವರು ಮೆಲ್ಲಗೆ. "ವರ ಇನ್ನೂ ಪ್ರಕಟವಾಗಿಲ್ಲ."

ಮೋನಿಕಾ ಅತ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಅಯ್ಯನವರ ದನಿ ಏರಿತು.

"ಮೋನಿಕಾ ಸಿಸ್ಟರ್. ಮುನ್ನೂರಕ್ಕೆ... ಇನ್ನೂರ ತೊಂಬತ್ತೇಳು."

ಯಾರೋ "ಹಲ್ಲೆಲೂಯಾ" ಎಂದರು. ಯಾರೋ "ಅಯ್ಯಯ್ಯೋ" ಎಂದರು. ಎರಡನೆಯದು ಮೋನಿಕಾಳೇ.

"ಎಲ್ಲಾ ವರದಲ್ಲೂ ಪೂರ್ತಿ ಅಂಕ. ಕರುಣೆಯ ಒಂದು ವಾಕ್ಯದಲ್ಲಿ ಮಾತ್ರ ಮೂರು ಕಮ್ಮಿ. ಆ ವಾಕ್ಯದ ಪಕ್ಕ ಒಂದು ಕೆಂಪು ಗುರುತು ಐತೆ. ಬೇರೆ ಯಾರ ಕಾಗದದಲ್ಲೂ ಇಲ್ಲ. ನಾನು ಏನೂ ಹೇಳಲ್ಲ," ಎಂದು ಅಯ್ಯನವರು ಕಾಗದವನ್ನು ಎತ್ತಿ ತೋರಿಸಿ ಕಣ್ಣೊರೆಸಿಕೊಂಡರು. "ನೀವೇ ಅರ್ಥ ಮಾಡ್ಕಳ್ರಿ."

ಕಾಗದ ಕೈಯಿಂದ ಕೈಗೆ ಹೋಯಿತು. ಉಚ್ಚಂಗಮ್ಮನ ಕೈಗೆ ಬಂದಾಗ ಅವಳು ಅದನ್ನು ಕಣ್ಣ ಹತ್ತಿರವಲ್ಲ, ಮೂಗಿನ ಹತ್ತಿರ ಹಿಡಿದಳು. ಒಮ್ಮೆ ಮೂಸಿ, ಏನೂ ಮಾತಾಡದೆ ಮುಂದೆ ದಾಟಿಸಿದಳು.

ಆರಾಧನೆ ಮುಗಿದ ಮೇಲೆ ಮೋನಿಕಾ ಅಯ್ಯನವರ ಹಿಂದೆ ಓಡಿದಳು. "ಅಯ್ಯನೋರೇ, ಆ ಕಾಗದ ನಾನು ಬರ್ದಿದ್ದಲ್ಲ."

"ಗೊತ್ತು ಸಿಸ್ಟರ್," ಎಂದರು ಅಯ್ಯನವರು ಕಣ್ಣು ಮುಚ್ಚಿ. "ನಮ್ಮ ಸ್ವಂತ ಬಲದಿಂದ ಯಾರು ತಾನೇ ಏನು ಬರೀತಾರೆ?"

"ಹಂಗಲ್ಲ ಅಯ್ಯನೋರೇ, ನನ್ನತ್ರ ಯಾವ ವರಾನೂ ಇಲ್ಲ."

"ನೋಡಿದ್ರಾ, ನಮ್ರತೆ!" ಎಂದು ಅವರು ಪಕ್ಕದವರಿಗೆ ಹೇಳಿದರು. "ಅದರ ಕಾಲಂ ನಮ್ಮ ಫಾರಮ್ಮಲ್ಲೇ ಇರಲಿಲ್ಲ."

ಮುಂದಿನ ನಾಲ್ಕು ಭಾನುವಾರಗಳನ್ನು ಮೋನಿಕಾ ಜನ್ಮದಲ್ಲಿ ಮರೆಯುವ ಹಾಗಿಲ್ಲ. ಎರಡು ಗಂಟೆಗೆ ಸಂಡೆಸ್ಕೂಲಿನ ಇಪ್ಪತ್ತೇಳು ಮಕ್ಕಳು. ಮೊದಲ ದಿನವೇ ಪ್ರಾರ್ಥನೆ ಮುಗಿಸುವಾಗ "ಆಮೆನ್" ಎನ್ನುವ ಬದಲು "ರೈಟ್ ರೈಟ್" ಎಂದುಬಿಟ್ಟಳು. ಮಕ್ಕಳಿಗೆ ಎಷ್ಟು ಇಷ್ಟವಾಯಿತೆಂದರೆ ವಾರದೊಳಗೆ ಮೂವತ್ತು ಮನೆಯಲ್ಲೂ ಊಟದ ಪ್ರಾರ್ಥನೆ ಹಾಗೇ ಮುಗಿಯತೊಡಗಿತು. ಮೂರು ಗಂಟೆಗೆ ರೋಗಿಗಳ ಭೇಟಿ. ಮಂಡಿನೋವೆಂದು ಮೂರು ವಾರದಿಂದ ಮಂಚ ಬಿಟ್ಟಿಳಿಯದ ಅಜ್ಜಪ್ಪನೆಂಬ ಮುದುಕನ ಮನೆಯಲ್ಲಿ, ತೂಕಡಿಸುತ್ತಲೇ ಪ್ರಾರ್ಥನೆ ಮಾಡಿ, ಬಾಯಿ ಅಭ್ಯಾಸಕ್ಕೆ "ನಿಧಾನಕ್ಕೆ ಇಳ್ಕಳ್ರಿ, ಕಂಬಿ ಹಿಡ್ಕಂಡು," ಎಂದಳು. ಅಜ್ಜಪ್ಪ ಕಂಬಿ ಹಿಡಿದುಕೊಂಡವನಂತೆ ಕೈ ಮೇಲೆತ್ತಿ ಇಳಿದು ಬಾಗಿಲವರೆಗೆ ನಡೆದೇಬಿಟ್ಟ. ಅಯ್ಯನವರು ಅಲ್ಲೇ ಡೈರಿ ತೆಗೆದು ಬರೆದುಕೊಂಡರು. ಯಾರೂ ಇಲ್ಲದಾಗ ಅಪ್ಪ ದಿನಾ ಟೀ ಅಂಗಡಿಗೆ ಹೋಗಿಬರುತ್ತಾನೆ ಎಂದು ಅಜ್ಜಪ್ಪನ ಮಗಳು ಮೋನಿಕಾಳ ಕಿವಿಯಲ್ಲಿ ಹೇಳಿದಳೇ ಹೊರತು ಡೈರಿಗೆ ಹೇಳಲಿಲ್ಲ.

ಮನೆಯಲ್ಲಿ ಉಚ್ಚಂಗಮ್ಮ ಮಾತು ಕಮ್ಮಿ ಮಾಡಿದಳು. ಹದಿಮೂರು ವರ್ಷದಲ್ಲಿ ಸಾರಿಗೆ ಉಪ್ಪು ಜಾಸ್ತಿ ಎಂದು ಒಂದು ದಿನವೂ ಹೇಳದೆ ಇರದವಳು ಈಗ ತಟ್ಟೆ ನೋಡಿಕೊಂಡು ಸುಮ್ಮನೆ ಉಣ್ಣುತ್ತಿದ್ದಳು. ಬೈದಿದ್ದರೇ ವಾಸಿಯಾಗಿತ್ತು ಎನಿಸುತ್ತಿತ್ತು ಮೋನಿಕಾಳಿಗೆ.

ನಿದ್ದೆಯಿಲ್ಲದ ಭಾನುವಾರಗಳು ಸೋಮವಾರದ ಬಸ್ಸಿಗೂ ಹತ್ತಿದವು. ಐದನೆಯ ವಾರದ ಸೋಮವಾರ ಬಸ್ಸು ಹಿರಿಯೂರು ಬಿಟ್ಟ ಮೇಲೆ ಅವಳು ಕಂಬಕ್ಕೆ ಒರಗಿ, "ಟಿಕೆಟ್ ಟಿಕೆಟ್" ಎನ್ನಬೇಕಾದ ಕಡೆ ಗಟ್ಟಿಯಾಗಿ, "ಎಲ್ಲರೂ ಕಣ್ಣು ಮುಚ್ಚೋಣ," ಎಂದಳು.

"ನಾನೂ ಮುಚ್ಚಲಾ?" ಎಂದ ಬಾಲರಾಜು.

ನಾಲ್ಕೈದು ಜನ ಮುಚ್ಚಿಯೂಬಿಟ್ಟಿದ್ದರು. ಮೋನಿಕಾ ನೇರ ಹೋಗಿ ರಶೀದರ ಪಕ್ಕ ಕೂತಳು. "ಚಾಚಾ, ದೇವ್ರಾಣೆ ಹೇಳ್ರಿ. ಅವತ್ತು ಆ ಕಾಗದದಾಗೆ ಏನು ಮಾಡಿದ್ರಿ?"

ರಶೀದ್ ಸಂಕೋಚವಿಲ್ಲದೆ ಹೇಳಿದರು. "ತಿದ್ದಿದೆ ಬೇಟಿ. ಪೆನ್ಸಿಲ್ಲಿನ ಹಿಂದೆ ರಬ್ಬರ್ ಇತ್ತು. ಮೊದಲು ನಿನ್ನ ಸೊನ್ನೆ ಎಲ್ಲ ಅಳಿಸ್ದೆ. ಆಮೇಲೆ ಒಂದೊಂದೇ ಓದಿದೆ, ದೊಡ್ಡಕ್ಕ ಹೌದು ಅಂದಿದ್ದಕ್ಕೆ ಐದು ಹಾಕಿದೆ. 'ತಿಳಿಯದ ಭಾಷೆಯಲ್ಲಿ ಮಾತಾಡುತ್ತೇನೆ.' ಆಂಧ್ರದ ಕೂಲಿಯೋರು ಹತ್ತಿದ್ರೆ ತೆಲುಗು, ನಮ್ಮೋರು ಹತ್ತಿದ್ರೆ ಉರ್ದು. ಎರಡೂ ನಿಂಗೆ ಸರಿಯಾಗಿ ಬರಾಕಿಲ್ಲ, ಆದ್ರೂ ಮಾತಾಡ್ತೀಯ. ಐದು. 'ನಾನು ಹೇಳಿದ ಮಾತು ನಡೆಯುತ್ತದೆ.' ಹತ್ತು ನಿಮಿಷಕ್ಕೆ ಹೊಸದುರ್ಗ ಅಂತೀಯ, ಬರ್ತೈತೆ. ಐದು. 'ರೋಗಿಗಳಿಗೆ ನನ್ನಿಂದ ನೆಮ್ಮದಿ.' ವಾಂತಿ ಬರೋರಿಗೆ ಚೀಲದಿಂದ ನಿಂಬೆಹಣ್ಣು ತೆಗೆದು ಕೊಡೋ ಕಂಡಕ್ಟರ್ ಇನ್ಯಾರವ್ರೆ ಈ ರೂಟಲ್ಲಿ?"

"ಮೂರು ಅಂಕ ಯಾಕೆ ಹೋತು?"

"ಅದು ಆಯಮ್ಮ. 'ನಾನು ಕರುಣೆ ತೋರಿಸುತ್ತೇನೆ' ಅಂತ ಓದಿದ್ದೇ ತಡ, ಎರಡರ ಮೇಲೆ ಒಂದೂ ಕೊಡಲ್ಲ ಅಂತ ಹಟ. ಹಂಗಾದ್ರೆ ಸಹಿ ನೀನೇ ಹಾಕು, ನಂಗೆ ಪಾಪ ಬ್ಯಾಡ ಅಂದೆ. ಹೆಬ್ಬೆಟ್ಟು ಒತ್ತಿದ್ಲು."

ಮೋನಿಕಾ ಹಣೆ ಚಚ್ಚಿಕೊಂಡಳು. ತನ್ನ ನಾಲ್ಕು ಭಾನುವಾರಗಳ ಕತೆ ಹೇಳಿದಳು. ರಶೀದರ ಮುಖ ಇಳಿಯಿತು. ಜೀವಮಾನವೆಲ್ಲ ಜನರ ನಿದ್ದೆಗೆ ಹತ್ತಿ ತುಂಬಿದವರು ಅವರು. "ತೌಬಾ! ನಿದ್ದೆ ಕಿತ್ಕಂಡೆ ಅಂದ್ರೆ ನಂದು ದೊಡ್ಡ ತಪ್ಪು. ನಾನೇ ಬಂದು ನಿಮ್ಮ ಅಯ್ಯನೋರಿಗೆ ಹೇಳ್ಲಾ?"

"ಬ್ಯಾಡ ಚಾಚಾ. ನೀವು ಬಂದ್ರೆ ಅದನ್ನೂ ಒಂದು ಅದ್ಭುತ ಅಂತ ಬರ್ಕಂತಾರೆ. ಈ ಭಾನುವಾರ ಉಪವಾಸ ಪ್ರಾರ್ಥನೆ ಐತೆ. ಎಲ್ಲರ ಮುಂದೆ ಎದ್ದು ನಿಂತು ನಾನೇ ಹೇಳ್ತೀನಿ."

ಹಾಗೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋದಳು. ಆದರೆ ಉಪವಾಸ ಪ್ರಾರ್ಥನೆಯ ಕ್ರಮವೇ ಬೇರೆ. ಮಧ್ಯಾಹ್ನ ಎರಡಕ್ಕೆ ಶುರು. ಎಲ್ಲರೂ ಚಾಪೆಯ ಮೇಲೆ ಮೊಣಕಾಲೂರಿ ಹಣೆ ನೆಲಕ್ಕಿಡಬೇಕು, ಹಿರಿಯರೊಬ್ಬರು ಮೊದಲ ಪ್ರಾರ್ಥನೆ ಮಾಡಬೇಕು, ಅದಾದ ಮೇಲೆ ತಮ್ಮ ಬಾಳಿನಲ್ಲಿ ನಡೆದದ್ದಕ್ಕೆ ಎಲ್ಲರೆದುರು ಸಾಕ್ಷಿ ಹೇಳುವವರು ಏಳಬೇಕು. ಹಿರಿಯರೆಂದರೆ ಉಚ್ಚಂಗಮ್ಮ. "ಪರಲೋಕದಲ್ಲಿರೋ ನನ್ನಪ್ಪಾ," ಎಂದು ಅವಳು ಎತ್ತಿಕೊಂಡಾಗ ಮೋನಿಕಾ ಒಳಗೊಳಗೇ ತನ್ನ ಮಾತು ಜೋಡಿಸಿಕೊಳ್ಳುತ್ತಿದ್ದಳು. ಮೇಲೆ ಫ್ಯಾನು. ಹಣೆಯ ಕೆಳಗೆ ಚಾಪೆ. ಗಂಟೆ ಎರಡೂ ಐದು. ಅತ್ತೆಯ ಪ್ರಾರ್ಥನೆ ಇನ್ನೂ ಹಿರಿಯೂರು ತಾಲ್ಲೂಕು ದಾಟಿರಲಿಲ್ಲ.

ಮುಂದಿನದನ್ನೆಲ್ಲ ಅವಳಿಗೆ ಹೇಳಿದ್ದು ಶಾರೋನ್.

ಪ್ರಾರ್ಥನೆ ಮುಗಿದು ಎಲ್ಲರೂ ತಲೆ ಎತ್ತಿದರು, ಮೋನಿಕಾ ಎತ್ತಲಿಲ್ಲ. ಅಯ್ಯನವರು ಹತ್ತಿರ ಬಂದು ನೋಡುವಷ್ಟರಲ್ಲಿ ಅವಳು ಮೆಲ್ಲಗೆ ಒಂದು ಮಗ್ಗುಲಿಗೆ ಉರುಳಿದಳು. "ಯಾರೂ ಮುಟ್ಟಬ್ಯಾಡ್ರಿ. ಸಿಸ್ಟರ್ ಆತ್ಮನಲ್ಲಿದಾರೆ. ದರ್ಶನ ಕಾಣ್ತಿದಾರೆ," ಎಂದು ಅಯ್ಯನವರು ಪಿಸುಗುಟ್ಟಿದರು. ಯಾರೋ ಫೋನು ತೆಗೆದು ವಿಡಿಯೋ ಹಿಡಿದರು. ಅಯ್ಯನವರು ಡೈರಿ ಬಿಚ್ಚಿ ಅವಳ ಬಾಯಿಯ ಹತ್ತಿರ ಬಾಗಿದರು. ಐದು ನಿಮಿಷ ಕಳೆದ ಮೇಲೆ ಮೋನಿಕಾಳ ತುಟಿ ಅಲ್ಲಾಡಿತು.

"ಮಾಡದಕೆರೆ... ಮಾಡದಕೆರೆಯೋರು ಮುಂದೆ ಬರ್ರಿ..."

"ಸ್ತೋತ್ರ!" ಎಂದು ಅಯ್ಯನವರು ಬರೆದುಕೊಂಡರು. "ಮಾಡದಕೆರೆ ನಮ್ಮನ್ನ ಕರೀತಾ ಐತೆ! ಮುಂದಿನ ಭಾನುವಾರದಿಂದ ಅಲ್ಲೊಂದು ಕೂಟ ಶುರು ಮಾಡಾಣ. ಮಧ್ಯಾಹ್ನ ಎರಡು ಗಂಟೆಗೆ. ಮೋನಿಕಾ ಸಿಸ್ಟರ್ರೇ ನಡೆಸಲಿ!"

"ಅಯ್ಯಾ," ಎಂದಳು ಉಚ್ಚಂಗಮ್ಮ. "ಬರಿಯಾದು ನಿಲ್ಸು."

ಎಲ್ಲರೂ ತಿರುಗಿದರು. ಮುದುಕಿ ಮೊಣಕೈ ಊರಿ ಎದ್ದು ಸೊಸೆಯ ಪಕ್ಕ ಬಂದು ನಿಂತಿದ್ದಳು.

"ಇದು ಆತ್ಮ ಅಲ್ಲ, ದರ್ಶನಾನೂ ಅಲ್ಲ. ನಿದ್ದೆ."

"ಅಮ್ಮಾ, ಅದು ನಿಮಗೆ ಹೆಂಗೆ..."

"ಹೆಂಗೆ ಅಂದ್ರೆ? ನಲವತ್ತು ವರ್ಷದಾಗೆ ಆತ್ಮ ಬಂದೋರ್ನೂ ನೋಡಿದೀನಿ, ಬಂದಂಗೆ ಆಡೋರ್ನೂ ನೋಡಿದೀನಿ. ಹೋದ ವರ್ಷ ಕುಣಿದು ಬಿದ್ದ ಹೆಣ್ಣುಮಗಳು ಬೀಳಾಕೆ ಮುಂಚೆ ಸೆರಗು ಸರಿ ಮಾಡ್ಕಂಡ್ಲು. ನಾನು ಬಾಯಿ ಬಿಟ್ನಾ? ಇಲ್ಲ. ಇವಳ ಕಾಲು ನೋಡು. ಎಡಗಾಲಿನ ಹೆಬ್ಬೆಟ್ಟು ಅದುರ್ತೈತಾ? ಅದು ಬಸ್ಸಿನಾಗೆ ನಿಂತು ನಿಂತು ಬಂದ ಅದುರು. ನಮ್ಮನೆ ಗೋಡೆ ಪಕ್ಕ ಇವ್ಳು ಮಲಗಿದಾಗೆಲ್ಲ ಹದಿಮೂರು ವರ್ಷದಿಂದ ಅದುರ್ತೈತೆ. ಇನ್ನೆರಡು ನಿಮಿಷಕ್ಕೆ ಗೊರಕೆ ಬರ್ತೈತೆ, ತಾಳು."

ಸಭೆ ತಾಳಿತು. ಎರಡು ನಿಮಿಷವೂ ಬೇಕಾಗಲಿಲ್ಲ. ವಾಣಿವಿಲಾಸ ಅಣೆಕಟ್ಟೆಯ ತೂಬು ಎತ್ತಿದ ಹಾಗೆ ಬಂತು ಗೊರಕೆ.

ನಗು ಬಂದವರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಉಚ್ಚಂಗಮ್ಮ ನಗಲಿಲ್ಲ. "ಇನ್ನೊಂದು. ಆ ಕಾಗದದಾಗಿನ ಕೆಂಪು ಗುರುತು ರಗುತ ಅಲ್ಲ, ಪವಾಡ ಅಲ್ಲ. ಕುರಿಗೆ ಹಚ್ಚೋ ಬಣ್ಣ. ಮೂಸಿದ್ ಕೂಡ್ಲೇ ನಂಗೆ ನಮ್ಮಪ್ಪನ ಹಟ್ಟಿ ನೆನಪಾತು. ಯಾರೋ ಕುರಿಯೋಳು ಒತ್ತಿರೋ ಹೆಬ್ಬೆಟ್ಟು ಅದು. ಇವ್ಳು ಬರ್ದಿರೋ ಕಾಗದಾನೇ ಅಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲಮ್ಮ?" ಎಂದ ದುರುಗೇಶ, ಕೈಯಲ್ಲಿ ಎತ್ತಿದ ಕುರ್ಚಿ ಹಾಗೇ ಇತ್ತು.

ಮುದುಕಿ ಮಗನ ಕಡೆ ತಿರುಗಿದಳು. "ಹೊಟ್ಟೆ ಉರೀತು ಕಣಪ್ಪ. ನಲವತ್ತು ವರ್ಷ ಮಂಡಿಯೂರಿದೋಳಿಗೆ ಒಂದೂ ವರ ಇಲ್ಲ ಅಂದ್ರು. ಇವ್ಳಿಗೆ ಮುನ್ನೂರು ಅಂದ್ರು. ಸಾಯ್ಲಿ, ಮಾಡ್ಲಿ ಕೆಲಸ, ಅಂತ ಸುಮ್ನಾದೆ. ನಾಲ್ಕು ಭಾನುವಾರ ಅವಳ ನಿದ್ದೆ ನಾನೇ ತಿಂದೆ. ಇದು ನನ್ನ ಸಾಕ್ಷಿ. ಸಾಕ್ಷಿ ಹೇಳಾ ಹೊತ್ತೇ ಅಲ್ವಾ ಇದು?"

ಅಯ್ಯನವರು ಡೈರಿಯಲ್ಲಿ ಬರೆದದ್ದನ್ನು ಓದಿಕೊಂಡರು. ಎದ್ದು ಗೋಡೆಯ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಎಡಗಡೆ ಯಾರ ಹೆಸರೂ ಇಲ್ಲದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ವಿವೇಚಿಸುವ ವರ," ಎಂದು ಓದಿದರು. "ಯಾವುದು ದೇವರಿಂದ, ಯಾವುದು ಅಲ್ಲ ಅಂತ ಗುರುತು ಹಿಡಿಯೋದು. ಉಚ್ಚಂಗಮ್ಮನವರೇ, ನಲವತ್ತು ವರ್ಷದಿಂದ ನೀವು ನಮ್ಮ ಮುಂದೇನೇ ಕೂತಿದ್ರಿ. ನಾನು ಕಾಗದ ನೋಡ್ತಿದ್ದೆ." ಆಮೇಲೆ ಬಲಗಡೆ ನೋಡಿದರು. ಅಲ್ಲಿ ಕೆಲಸದ ಜಾಗ ಖಾಲಿಯಿತ್ತು. ಚಿತ್ರದುರ್ಗದ ತರಬೇತಿಯವರಿಗೂ ಅದಕ್ಕೇನು ಕೆಲಸ ಕೊಡಬೇಕೆಂದು ಹೊಳೆದಿರಲಿಲ್ಲ.

"ಕೆಲಸ ನಂಗೊತ್ತು," ಎಂದಳು ಉಚ್ಚಂಗಮ್ಮ. "ಎಲ್ರೂ ಆಚೆ ನಡೀರಿ. ಹೊಂಗೆಮರದ ಕೆಳಗೆ ಪ್ರಾರ್ಥನೆ ಮಾಡಾಣ. ಫ್ಯಾನ್ ಆರಿಸ್ಬ್ಯಾಡ್ರಿ."

ಮೋನಿಕಾ ಎದ್ದಾಗ ಐದು ಗಂಟೆ. ಪ್ರಾರ್ಥನಾಲಯದಲ್ಲಿ ಯಾರೂ ಇರಲಿಲ್ಲ. ಅವಳ ಮೇಲೆ ಅತ್ತೆಯ ಶಾಲು ಇತ್ತು. ಶಾರೋನ್ ಪಕ್ಕದಲ್ಲಿ ಕೂತು ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಅಷ್ಟೂ ಕತೆಯನ್ನು ಒಂದೇ ಉಸಿರಿಗೆ ಹೇಳಿದಳು. ಮೋನಿಕಾ ನಾಚಿಕೆಯಿಂದ ಕುಗ್ಗಿ, ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಬಂದರೆ, ಹೊಸ್ತಿಲ ಮೇಲೆ ಉಚ್ಚಂಗಮ್ಮ ಬೆನ್ನು ಹಾಕಿ ಕೂತಿದ್ದಳು, ಯಾರನ್ನೂ ಒಳಗೆ ಬಿಡದ ಹಾಗೆ. ಎದುರಿಗೆ ಅಯ್ಯನವರು ಒಂದು ಹೊಸ ಕಾಗದ ಹಿಡಿದು ನಿಂತಿದ್ದರು.

"ಹಾಗಲ್ಲಮ್ಮ, ಮೋನಿಕಾ ಸಿಸ್ಟರ್‌ದು ನಿಜವಾದ ವರ ಯಾವುದು ಅಂತ ಗೊತ್ತಾಗಬೇಕಲ್ಲ. ಇನ್ನೊಂದು ಸಲ ಫಾರಂ ತುಂಬಿಸಿದ್ರೆ..."

"ಅವಳ ವರ ಯಾವ್ದು ಅಂತ ನಂಗೆ ಯಾವತ್ತೋ ಗೊತ್ತೈತೆ."

"ಯಾವುದಮ್ಮ?"

"ಹೇಳಲ್ಲ. ಹೇಳಿದ್ರೆ ಅದಕ್ಕೂ ಒಂದು ಕೆಲಸ ಅಂಟಿಸ್ತೀಯ."

ಆ ರಾತ್ರಿ ಊಟಕ್ಕೆ ಕೂತಾಗ ಉಚ್ಚಂಗಮ್ಮ ಎರಡು ತುತ್ತು ಉಂಡು, "ಸಾರಿಗೆ ಉಪ್ಪು ಜಾಸ್ತಿ," ಎಂದಳು. ಮೋನಿಕಾಳಿಗೆ ಜೀವ ಬಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಅಬ್ದುಲ್ ರಶೀದ್ ಬಸ್ಸು ಹತ್ತಿದ್ದು ಕೈಯಲ್ಲೊಂದು ಪೊಟ್ಟಣ ಹಿಡಿದು. ಬಿಚ್ಚಿದರೆ ಸಣ್ಣದೊಂದು ತಲೆದಿಂಬು, ಹೂವಿನ ಬಟ್ಟೆಯ ಗಲೀಫು. "ಹೊಸ ಹತ್ತಿ," ಎಂದರು. "ಭಾನುವಾರಕ್ಕೆ. ನಾನು ಹಾಕಿದ ಐದಕ್ಕೆಲ್ಲ ದಂಡ." ನಡೆದದ್ದನ್ನು ಮೋನಿಕಾ ಹೇಳಿದಾಗ ಅವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಬಾಲರಾಜು ನಗುತ್ತ ಎರಡು ಸಲ ಕೈತಪ್ಪಿ ಹಾರನ್ ಹೊಡೆದ.

ಮಾಡದಕೆರೆಯಲ್ಲಿ ದೊಡ್ಡಕ್ಕ ಹತ್ತಿದಳು. ಜ್ವರ ಬಿಟ್ಟ ಮರಿ ಈಗ ಕಂಕುಳಲ್ಲಿ ನಿಲ್ಲದೆ ಒದೆಯುತ್ತಿತ್ತು. ಅವಳ ಕಿವಿಗೂ ಸುದ್ದಿ ಅಷ್ಟರಲ್ಲೇ ಬಿದ್ದಿತ್ತು; ಮುಂದಿನ ಸೀಟಿನವರು ಕಿಟಕಿಯಿಂದಲೇ ಕೂಗಿ ಹೇಳಿದ್ದರು.

"ನನ್ನ ಹೆಬ್ಬೆಟ್ಟಿಂದ್ಲೇ ನೀನು ಉಳಿದಿದ್ದಂತೆ, ಅಲ್ವೇನೇ ಕಂಡಕ್ಟ್ರಮ್ಮ?"

"ಹೂಂ ದೊಡ್ಡಕ್ಕ. ನಿನ್ನ ಉಪಕಾರ ಮರೆಯಲ್ಲ."

"ಹಂಗಾದ್ರೆ ಇವತ್ತು ಮರಿಗೆ ಫ್ರೀ ಮಾಡು. ಆ ಮೂರು ಅಂಕಾನೂ ಹಾಕಿಸ್ತೀನಿ. ಮುನ್ನೂರಕ್ಕೆ ಮುನ್ನೂರು!"

ಮೋನಿಕಾ ಒಂದು ಗಳಿಗೆ ಯೋಚಿಸಿದಳು. ಮುನ್ನೂರಕ್ಕೆ ಮುನ್ನೂರು ಬಂದವರಿಗೆ ಏನೇನು ಕೆಲಸ ಹುಟ್ಟಿಕೊಳ್ಳುತ್ತದೋ ಯಾರು ಬಲ್ಲರು!

"ಬ್ಯಾಡಕ್ಕ, ಎರಡೇ ಇರ್ಲಿ," ಎಂದು ಮರಿಗೊಂದು ಟಿಕೆಟ್ ಹರಿದು ದೊಡ್ಡಕ್ಕನ ಕೈಗಿಟ್ಟು, ಬಾಗಿಲಿಗೆ ಹೋಗಿ, "ಆಮೆನ್," ಎಂದಳು.

ಬಾಲರಾಜು ಗೇರು ಹಾಕಿದ.